‘ಎಡಿಟ್’ ಬಟನ್ ಮೇಲೆ ಏನು ಬರೆಯಲಿ? ಸಂಪಾದಿಸಿ, ತಿದ್ದಿ, ಕೈ ಹಚ್ಚಿ

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು. ‘ಎಡಿಟ್’ ಮಾಡುವುದಕ್ಕೆ ಎಂಟನೇ ತರಗತಿ ಮಕ್ಕಳ ಮುಂದೆ ಏನನ್ನಬೇಕು?

ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬರುವ ಜೂನ್‌ನಿಂದ ಮಕ್ಕಳಿಂದ ಒಂದು ವಿಕಿ, ಅಂದರೆ ಎಲ್ಲರೂ ಕೂಡಿ ಬರೆದು ಬದಲಿಸಬಹುದಾದ ಪುಟಗಳ ತಾಣ, ಬರೆಸಬೇಕು ಅಂತ ಯೋಚನೆ ನಡೆಸಿದ್ದೇನೆ. ಅವರವರ ಊರಿನ ಹಬ್ಬ, ಬೆಳೆ, ಆಟ, ಹಳೇ ಮಾತು, ಇಂಥವು. ನೇರವಾಗಿ ವಿಕಿಪೀಡಿಯಕ್ಕೆ ಹಾಕಿಸುವುದಿಲ್ಲ. ಅಲ್ಲಿ ಅಚ್ಚಾದ ಆಧಾರ ಕೇಳುತ್ತಾರೆ, ಕೇಳುವುದು ಸರಿಯೇ, ಆದರೆ ನಮ್ಮ ಮಕ್ಕಳ ಆಧಾರವೆಲ್ಲ ಅಜ್ಜಿಯ ಬಾಯಲ್ಲಿದೆ. ಅದಕ್ಕೆ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಡೋಕುವಿಕಿ ಅನ್ನುವ ವಿಕಿ ತಂತ್ರಾಂಶ ಹಾಕಿ, ಐದಾರು ಮಕ್ಕಳನ್ನು ಕೂಡಿಸಿಕೊಂಡು ನೋಡಿದೆ. ಇದಕ್ಕೆ ಡೇಟಾಬೇಸ್ ಬೇಕಿಲ್ಲ, ಪುಟಗಳು ಸಾದಾ ಪಠ್ಯದ ಫೈಲುಗಳಾಗಿ ಉಳಿಯುತ್ತವೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬಟನ್‌ಗಳ ಮೇಲಿನ ಮಾತನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಲೂಬಹುದು. ಈ ಪ್ರಶ್ನೆ ಎದ್ದದ್ದೇ ಅಲ್ಲಿಂದ.

‘ವಿಕಿ’ ಅನ್ನುವ ಪದ ಮಕ್ಕಳಿಗೆ ತೊಡಕಾಗಲೇ ಇಲ್ಲ. ಅದು ಹವಾಯಿ ಭಾಷೆಯ ಮಾತು, ‘ಬೇಗ’ ಅಂತ ಅರ್ಥ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ಬಸ್ಸಿಗೆ ‘ವಿಕಿ ವಿಕಿ’ ಅಂತ ಹೆಸರಿತ್ತು, ಅದನ್ನು ನೆನಪಿಟ್ಟುಕೊಂಡು ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನುವ ಅಮೆರಿಕದ ಪ್ರೋಗ್ರಾಮರ್ 1995ರಲ್ಲಿ ತಾನು ಮಾಡಿದ ಮೊದಲ ವಿಕಿಗೆ ಆ ಹೆಸರಿಟ್ಟರು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ‘ಹಂಗಾರ ನಮ್ಮ ಲಗು ಲಗು ಇದ್ದಂಗ ಬಿಡ್ರಿ ಸರ’ ಅಂದ. ಎರಡು ಸಲ ಹೇಳಿ ಒತ್ತು ಕೊಡುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ದ್ವಿರುಕ್ತಿಯ ಪಾಠ ಸುಮ್ನೆ ಅಲ್ಲೇ ಆಗಿಹೋಯಿತು.

ತೊಡಕು ಬಂದದ್ದು ‘ಸಂಪಾದಿಸಿ’ ಅನ್ನುವಲ್ಲಿ. ಕನ್ನಡ ವಿಕಿಪೀಡಿಯದಲ್ಲಿ ಈ ಪದ ಇದೆ, ‘ಬದಲಾಯಿಸಿ’ ಅಂತಲೂ ನೋಡಿದ ನೆನಪು. ನಾನೂ ‘ಸಂಪಾದಿಸಿ’ ಅಂತಲೇ ಇಟ್ಟಿದ್ದೆ. ಒಬ್ಬಳು ಹುಡುಗಿ ಆ ಬಟನ್ ಮೇಲೆ ಬೆರಳಿಟ್ಟು, ಒತ್ತದೆ, ನನ್ನ ಕಡೆ ತಿರುಗಿ ‘ಇದನ್ನ ಒತ್ತಿದ್ರ ರೊಕ್ಕ ಬರ್ತಾವೇನ್ರಿ ಸರ?’ ಅಂತ ಕೇಳಿದಳು. ತಮಾಷೆಗಲ್ಲ, ನಿಜವಾಗಿ ಕೇಳಿದಳು. ಅವರ ಮನೆಯಲ್ಲಿ ಸಂಪಾದನೆ ಅಂದರೆ ಗಳಿಕೆ, ಮತ್ತೊಂದು ಅರ್ಥವೇ ಇಲ್ಲ. ‘ಸಂಪಾದಕ’ ಅಂದರೆ ಪತ್ರಿಕೆಯವರು ಅಂತ ನಾವು ಓದಿದವರಿಗೆ ಗೊತ್ತು, ಆದರೆ ಹದಿಮೂರು ವರ್ಷದ ಮಗುವಿಗೆ ಈ ಎರಡನ್ನೂ ಜೋಡಿಸುವ ಕೊಂಡಿ ಎಲ್ಲಿದೆ?

ಇನ್ನೊಂದು ‘ಇತಿಹಾಸ’. ಪುಟದ ಹಳೆಯ ರೂಪಗಳನ್ನು ತೋರಿಸುವ ಬಟನ್. ಮಕ್ಕಳು ಅದನ್ನು ಸಮಾಜ ವಿಜ್ಞಾನದ ಪಾಠ ಅಂದುಕೊಂಡು ಮುಟ್ಟಲೇ ಇಲ್ಲ. ತೆರೆದು ತೋರಿಸಿದೆ: ಯಾರು, ಯಾವತ್ತು, ಏನು ಬದಲಿಸಿದರು ಅಂತ ಸಾಲಾಗಿ ಬಂತು. ಆಗ ರೈತರ ಮನೆಯ ಒಬ್ಬ ಹುಡುಗ ‘ಇದು ಹೊಲದ ಉತಾರ ಇದ್ದಂಗ ಐತ್ರಿ, ಯಾರ ಹೆಸರ್ಲೆ ಇತ್ತು, ಯಾರ ಹೆಸರಿಗೆ ಬಂತು ಅಂತ ಬರ್ತದಲ್ರಿ’ ಅಂದ. (ದಕ್ಷಿಣದ ಕಡೆಯವರಿಗೆ: ನೀವು ಪಹಣಿ ಅನ್ನುವುದನ್ನು ನಮ್ಮ ಕಡೆ ಉತಾರ ಅನ್ನುತ್ತೇವೆ.) ನನಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತೇ ಆ ಬಟನ್ ಮೇಲೆ ‘ಉತಾರ’ ಅಂತ ಬರೆದುಬಿಟ್ಟೆ. ಇದರ ಬಗ್ಗೆ ಚರ್ಚೆ ಬೇಡ, ನಮ್ಮ ತರಗತಿಯ ಮಟ್ಟಿಗೆ ಇದು ಗಟ್ಟಿ. ಕನ್ನಡ ವಿಕಿಪೀಡಿಯದವರು ಎಲ್ಲರೂ ಕೂಡಿ ಮಾತಾಡುವ ಪುಟಕ್ಕೆ ‘ಅರಳಿಕಟ್ಟೆ’ ಅಂತ ಹೆಸರಿಟ್ಟಿದ್ದಾರಲ್ಲ, ಅಂಥ ಪದ ಬೇಕು ಅನ್ನುವುದೇ ನನ್ನ ಆಸೆ. ಕೇಳಿದ ಕೂಡಲೇ ಅಲ್ಲಿ ಹೋಗಿ ಕೂರಬಹುದು ಅನ್ನಿಸಬೇಕು.

ಈಗ ಮುಖ್ಯ ವಿಷಯ. ‘ಸಂಪಾದಿಸಿ’ ತೆಗೆದು ‘ತಿದ್ದಿ’ ಅಂತ ಹಾಕಿದೆ. ಅರ್ಥವೇನೋ ಆಯಿತು, ಆದರೆ ಕೈಗಳು ನಿಂತುಬಿಟ್ಟವು. ಒಬ್ಬಳು ಚರಗ ಚೆಲ್ಲುವ, ಅಂದರೆ ಎಡೆಯ ಅಡುಗೆಯನ್ನು ಹೊಲದ ತುಂಬ ಚೆಲ್ಲುವ ಹಬ್ಬದ ಬಗ್ಗೆ ಪುಟ ಬರೆದಿದ್ದಳು. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಪೂಜೆ ಮಾಡುವುದು, ಪೈರಿಗೆ ಚರಗ ಚೆಲ್ಲುವುದು, ಎಲ್ಲ ಚೆಂದವಾಗಿ ಬರೆದಿದ್ದಳು. ಪಕ್ಕದಲ್ಲಿ ಕೂತವನ ಮನೆಯಲ್ಲಿ ಚರಗ ಚೆಲ್ಲುವುದು ಎಳ್ಳ ಅಮಾವಾಸ್ಯೆಗೆ. ‘ಅದನ್ನೂ ಸೇರಿಸು’ ಅಂದೆ. ಅವನು ಕೀಬೋರ್ಡ್ ಹತ್ತಿರ ಕೈ ಒಯ್ದು ಹಿಂದೆ ತೆಗೆದುಕೊಂಡ. ‘ಆಕಿ ಬರದದ್ದು ತಪ್ಪಿಲ್ಲಲ್ರಿ ಸರ. ತಿದ್ದೂದು ಹೆಂಗ?’

ಅವನು ಹೇಳಿದ್ದು ಸರಿ ಅಲ್ವಾ? ತಿದ್ದುವುದು ಅಂದರೆ ಮೊದಲು ತಪ್ಪು ಇರಬೇಕು. ಅಷ್ಟೇ ಅಲ್ಲ, ತಿದ್ದುವವನು ದೊಡ್ಡವನಾಗಿರಬೇಕು. ನೋಟ್‌ಬುಕ್ ತಿದ್ದುವುದು ಮೇಷ್ಟ್ರು, ಮಕ್ಕಳನ್ನು ತಿದ್ದುವುದು ಅಪ್ಪ ಅವ್ವ. ಕೆಂಪು ಶಾಯಿ ಆ ಪದಕ್ಕೆ ಅಂಟಿಕೊಂಡಿದೆ. ಓರಗೆಯವರು ಒಬ್ಬರದನ್ನೊಬ್ಬರು ತಿದ್ದಿದರೆ ಜಗಳ.

ಆದರೆ ‘ತಿದ್ದು’ಗೆ ಇನ್ನೊಂದು ಅರ್ಥ ಇದೆ, ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಅಕ್ಷರ ತಿದ್ದುವುದು. ಪಾಟಿಯ ಮೇಲೆ ದೊಡ್ಡದಾಗಿ ಒಂದು ‘ಅ’ ಬರೆದುಕೊಡುತ್ತಾರೆ, ಮಗು ಅದರ ಮೇಲೇ ಮತ್ತೆ ಮತ್ತೆ ಗೆರೆ ಎಳೆಯುತ್ತದೆ, ಅ ದಪ್ಪಗಾಗುತ್ತಾ ಹೋಗುತ್ತದೆ. ಅಲ್ಲಿ ತಪ್ಪು ಯಾರದೂ ಇಲ್ಲ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರ ಕೈ ಹೋಗುತ್ತದೆ, ಅಷ್ಟೇ. ವಿಕಿಯಲ್ಲಿ ನಡೆಯುವುದೂ ಇದೇ. ಈ ಅರ್ಥ ಇವತ್ತಿನ ಮಕ್ಕಳ ಕಿವಿಯಲ್ಲಿ ಉಳಿದಿದೆಯೋ ಇಲ್ಲವೋ ಅನ್ನುವುದು ನನ್ನ ಮೊದಲ ಪ್ರಶ್ನೆ.

ನಮ್ಮ ಸಾಹಿತ್ಯದಲ್ಲಿ ಇದರ ಎರಡೂ ದಾರಿ ಇವೆ. ಇದೇ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಅನ್ನುವ ಕುಮಾರವ್ಯಾಸ, ತಾನು ಹಲಗೆ ಬಳಪ ಹಿಡಿಯುವವನಲ್ಲ, ಇಟ್ಟ ಪದ ಅಳಿಸುವವನಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡ. ಇನ್ನೊಂದು ಕಡೆ ಶೂನ್ಯಸಂಪಾದನೆ, ಅಲ್ಲಮಪ್ರಭು ಮತ್ತು ಇತರ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಗ್ರಂಥ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದ್ದನ್ನು ಹಲಗೆಯಾರ್ಯ, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಆಮೇಲೆ ಗೂಳೂರು ಸಿದ್ಧವೀರಣಾರ್ಯ, ಹೀಗೆ ಒಬ್ಬರಾದ ಮೇಲೆ ಒಬ್ಬರು ಮತ್ತೆ ಕಟ್ಟಿದರು. ನಾಲ್ಕು ಕೈ. ಹಿಂದಿನವರಿಗೆ ಅವಮಾನ ಆಯಿತು ಅಂತ ಯಾರೂ ಅನ್ನಲಿಲ್ಲ. ಆ ಹೆಸರಿನಲ್ಲಿರುವ ‘ಸಂಪಾದನೆ’ ಎಡಿಟಿಂಗ್ ಅಲ್ಲ, ಪಡೆಯುವುದು, ಶೂನ್ಯವನ್ನು ಗಳಿಸುವುದು. ಅಂದರೆ ಆ ಹುಡುಗಿಯ ಅರ್ಥವೇ ಅಲ್ಲೂ ಇರುವುದು. ಅವಳಿಗೆ ನಾನು ತಪ್ಪು ಅಂತ ಹೇಳುವ ಹಾಗೇ ಇಲ್ಲ.

ಕೊನೆಗೆ ಚರಗದ ಪುಟ ಹೇಗೆ ಮುಂದೆ ಹೋಯಿತು ಅಂದರೆ, ಆ ಹುಡುಗ ಬರೆದವಳನ್ನೇ ಕೇಳಿದ: ‘ನಾ ಒಂಚೂರು ಕೈ ಹಚ್ಚಲೇನು?’ ಅವಳು ‘ಹಚ್ಚು’ ಅಂದಳು. ಎಳ್ಳ ಅಮಾವಾಸ್ಯೆ ಪುಟಕ್ಕೆ ಬಂತು. ನಮ್ಮ ಕಡೆ ಕೈ ಹಚ್ಚುವುದು ಅಂದರೆ ಮುಟ್ಟುವುದೂ ಹೌದು, ಕೆಲಸಕ್ಕೆ ತೊಡಗುವುದೂ ಹೌದು. ಗಾಡಿ ಕೆಸರಲ್ಲಿ ಸಿಕ್ಕರೆ ‘ಬರ್ರಿ, ಕೈ ಹಚ್ಚರಿ’ ಅಂತ ಕರೆಯುತ್ತೇವೆ. ತಪ್ಪಿನ ಮಾತಿಲ್ಲ, ದೊಡ್ಡವರು ಸಣ್ಣವರು ಅಂತಿಲ್ಲ, ಅಪ್ಪಣೆ ಕೇಳುವ ನಯವೂ ಇದೆ. ನನ್ನ ಮನಸ್ಸು ಜಾಸ್ತಿ ಇದರ ಕಡೆಗೇ ಇದೆ. ಒಂದೇ ಕಷ್ಟ: ಹೆಸರುಪದ ಮಾಡಲು ಬರುವುದಿಲ್ಲ. ‘ತಿದ್ದುಪಡಿ’ ಇದ್ದ ಹಾಗೆ ‘ಕೈಹಚ್ಚುವಿಕೆ’ ಅಂದರೆ ನಾಲಿಗೆ ತೊಡರುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಮೈಸೂರು, ಮಂಗಳೂರು, ಶಿವಮೊಗ್ಗದ ಕಡೆಯವರಿಗೆ ‘ಕೈ ಹಚ್ಚಿ’ ಅಂತ ಬಟನ್ ಮೇಲೆ ಕಂಡರೆ ಏನು ಅರ್ಥವಾಗುತ್ತದೆ? ಆ ಕಡೆ ಹಚ್ಚುವುದು ಅಂದರೆ ದೀಪಕ್ಕೋ, ತರಕಾರಿಗೋ ನಿಂತುಬಿಡುತ್ತದೆಯೇ? ಮತ್ತೆ ನಿಮ್ಮ ಮನೆಯ ಮಕ್ಕಳನ್ನು, ನಿಮ್ಮನ್ನಲ್ಲ, ‘ಅಕ್ಷರ ತಿದ್ದು ಅಂದರೆ ಏನು’ ಅಂತ ಒಮ್ಮೆ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ಶಾಲೆ ಶುರುವಾಗುವ ತನಕ ಸಮಯ ಇದೆ.