‘ಟ್ರೋಪ್’ಗೆ ಏನನ್ನೋಣ? ವರಸೆ, ಮಟ್ಟು, ಇನ್ನೇನಾದರೂ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ತಂಗಿಯ ಮಗಳು ಇಂಗ್ಲಿಷ್ ರೊಮ್ಯಾನ್ಸ್ ಕಾದಂಬರಿಗಳನ್ನು ಒಂದು ಮುಗಿಯುವ ಮೊದಲೇ ಇನ್ನೊಂದು ಎತ್ತಿಕೊಂಡು ಓದುತ್ತಾಳೆ. ಈಗ ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದಾಳೆ. ಮೊದಲ ಸಾಲಿಗೇ ಗಾಡಿ ನಿಂತಿತು. “ದೊಡ್ಡಮ್ಮಾ, ಟ್ರೋಪ್‌ಗೆ ಕನ್ನಡದಲ್ಲಿ ಏನಂತಾರೆ?” ಅಂದಳು. ನಿಜ ಹೇಳಬೇಕೆಂದರೆ ಆ ಪದ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳೇ ಪಾಠ ಮಾಡಿದಳು.

ಮೂಲ ಗ್ರೀಕ್. ‘ತ್ರೋಪೋಸ್’ ಅಂದರೆ ತಿರುವು. ಮೊದಲು ಅಲಂಕಾರಶಾಸ್ತ್ರದಲ್ಲಿತ್ತು, ಮಾತನ್ನು ಅದರ ನೇರ ಅರ್ಥದಿಂದ ತಿರುಗಿಸುವುದಕ್ಕೆ, ಅಂದರೆ ರೂಪಕದಂಥವಕ್ಕೆ ಇಟ್ಟ ಹೆಸರು. ಈಗಿನ ಅರ್ಥ ಬೇರೆ. ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರುವ, ಓದುಗರು ಕಂಡ ಕೂಡಲೇ ಗುರುತು ಹಿಡಿಯುವ ಸಂದರ್ಭ ಅಥವಾ ನಡೆ. ಇಂಥವನ್ನು ಪಟ್ಟಿ ಮಾಡಲೆಂದೇ 2004ರಲ್ಲಿ ಟಿವಿ ಟ್ರೋಪ್ಸ್ ಅನ್ನುವ ಜಾಲತಾಣ ಶುರುವಾಯಿತು. ಈಗ ಓದುಗರು ಪುಸ್ತಕ ಹುಡುಕುವುದೇ ಹೀಗೆ: ಶತ್ರುಗಳು ಪ್ರೇಮಿಗಳಾಗುವ ಕಥೆ ಬೇಕು, ಸುಳ್ಳು ಜೋಡಿಯ ಕಥೆ ಬೇಕು. ಹೊರದೇಶಗಳಲ್ಲಿ ಈ ಮಾತೆಲ್ಲ ಹರಡಿದ್ದು ಟಿಕ್‌ಟಾಕ್‌ನಲ್ಲಿ. ಅದು ನಮ್ಮಲ್ಲಿ 2020ರಲ್ಲೇ ಬಂದ್ ಆಯಿತಲ್ಲ, ಹಾಗಾಗಿ ನಮ್ಮ ಹುಡುಗಿ ಇದನ್ನೆಲ್ಲ ಕಲಿತಿದ್ದು ಇನ್‌ಸ್ಟಾಗ್ರಾಮ್ ರೀಲುಗಳಿಂದ.

ನಾನು ಮೊದಲು ಹೇಳಿದ್ದು ‘ಕ್ಲೀಷೆ’. ಅವಳಿಗೆ ಸಿಟ್ಟೇ ಬಂತು. “ಅದು ಬೈಗುಳ ಅಲ್ವಾ?” ಅಂದಳು. ಸರಿಯೇ. ಕ್ಲೀಷೆ, ಸವಕಲು, ಹಳಸಲು ಎಲ್ಲವೂ ಬೈಗುಳಗಳೇ. ‘ಸಿದ್ಧಸೂತ್ರ’ ಸ್ವಲ್ಪ ಮರ್ಯಾದೆಯದು, ಆದರೂ ಸಿನಿಮಾ ವಿಮರ್ಶೆಯಲ್ಲಿ ಆ ಪದ ಕಂಡರೆ ಚಿತ್ರ ಚೆನ್ನಾಗಿಲ್ಲ ಅಂತಲೇ ಲೆಕ್ಕ. ಟ್ರೋಪ್ ಅನ್ನುವವರ ಬಾಯಲ್ಲಿ ಆ ತಾತ್ಸಾರ ಇಲ್ಲ. “ನನ್ನ ಇಷ್ಟದ ಟ್ರೋಪ್” ಅನ್ನುತ್ತಾರೆ. “ನನ್ನ ಇಷ್ಟದ ಕ್ಲೀಷೆ” ಅಂತ ಯಾರಾದರೂ ಅಂದಾರೆಯೇ? ನಮಗೆ ಬೇಕಾಗಿರುವುದು ಇಷ್ಟಪಟ್ಟು ಹೇಳುವ ಪದ.

ಈ ಇಷ್ಟ ನಮಗೇನು ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮ ಬಾಡಿಗೆ ಲೈಬ್ರರಿಯಿಂದ ವಾರಕ್ಕೆ ಎರಡು ಕಾದಂಬರಿ ತರಿಸುತ್ತಿದ್ದರು. ತರುವ ಕೆಲಸ ನನ್ನದು. ಆ ಪುಸ್ತಕಗಳ ಮೊದಲ ಹಾಳೆಯಲ್ಲಿ ನಮಗಿಂತ ಮೊದಲು ಓದಿದವರು ಪೆನ್ಸಿಲಿನಲ್ಲಿ ಗೀಚಿರುತ್ತಿದ್ದರು. “ಚೆನ್ನಾಗಿದೆ.” “ಅಳು ಬರುತ್ತೆ, ಓದಬೇಡಿ.” “ಮೊದಲು ಜಗಳ, ಆಮೇಲೆ ಮದುವೆ.” “ಅತ್ತೆ ಕಾಟ ಜಾಸ್ತಿ, ಕೊನೆಗೆ ಸರಿಹೋಗುತ್ತೆ.” ಕೆಳಗೆ ಇನ್ಯಾರೋ ಬೇರೆ ಅಕ್ಷರದಲ್ಲಿ, “ಕಥೆ ಯಾಕ್ರೀ ಹೇಳ್ತೀರಿ?” ಅಂತ ಜಗಳ ತೆಗೆದಿರುತ್ತಿದ್ದರು. ಲೈಬ್ರರಿಯವರು ಗೀಚಬೇಡಿ ಅಂತ ಬೋರ್ಡು ಹಾಕಿದ್ದರು, ಕೇಳುವವರು ಯಾರು? ಅಮ್ಮ ನನಗೆ ಹೇಳಿಕೊಟ್ಟಿದ್ದೇ ಇಷ್ಟು: ಮೊದಲ ಹಾಳೆ ನೋಡು, “ಮೊದಲು ಜಗಳ” ಅಂತ ಇದ್ದರೆ ತಗೊಂಡು ಬಾ.

ಅಂದರೆ ಅಮ್ಮನಿಗೆ ಕೊನೆ ಗೊತ್ತಿತ್ತು. ಮದುವೆ ಆಗುತ್ತದೋ ಇಲ್ಲವೋ ಅನ್ನುವ ಕುತೂಹಲಕ್ಕೆ ಅವರು ಓದುತ್ತಿರಲಿಲ್ಲ. ಇವರಿಬ್ಬರು ಈ ಸಲ ಯಾವ ಮಾತಿಗೆ ಕಿತ್ತಾಡುತ್ತಾರೆ, ಯಾರು ಮೊದಲು ಮೆತ್ತಗಾಗುತ್ತಾರೆ, ಆ ಒಂದು ಪುಟ ಎಲ್ಲಿ ಬರುತ್ತದೆ, ಅದಕ್ಕೆ ಕಾಯುತ್ತಿದ್ದರು. ಆ ಪುಟ ಬಂದಾಗ ಓದುವುದನ್ನು ನಿಲ್ಲಿಸಿ ಹೋಗಿ ಕಾಫಿ ಮಾಡಿಕೊಂಡು ಬರುತ್ತಿದ್ದರು, ಬೇಗ ಮುಗಿಯಬಾರದು ಅಂತ. ತಂಗಿಯ ಮಗಳಿಗೆ ಇದನ್ನು ಹೇಳಿದೆ. “ಅಜ್ಜಿ ಎನಿಮೀಸ್ ಟು ಲವರ್ಸ್ ಓದ್ತಿದ್ರು!” ಅಂತ ಕುಣಿದಳು.

ಇನ್ನು ಹಳೆಯ ಪದಗಳಿಗೆ ಬರೋಣ. ನನಗೆ ಮೊದಲು ಹೊಳೆದಿದ್ದು ‘ಕವಿಸಮಯ’. ಚಕೋರ ಬೆಳದಿಂಗಳು ಕುಡಿಯುತ್ತದೆ, ಚಕ್ರವಾಕದ ಜೋಡಿ ರಾತ್ರಿ ಅಗಲುತ್ತದೆ, ಹೆಣ್ಣು ಕಾಲಿಂದ ಒದ್ದರೆ ಅಶೋಕ ಹೂಬಿಡುತ್ತದೆ. ಸುಳ್ಳು ಅಂತ ಕವಿಗೂ ಗೊತ್ತು, ಓದುಗನಿಗೂ ಗೊತ್ತು, ಇಬ್ಬರೂ ಒಪ್ಪಿಕೊಂಡಿದ್ದಾರೆ. ಇಮ್ಮಡಿ ನಾಗವರ್ಮ ತನ್ನ ‘ಕಾವ್ಯಾವಲೋಕನ’ದ ಐದನೇ ಭಾಗವನ್ನು ಪೂರ್ತಿ ಇದಕ್ಕೇ ಇಟ್ಟಿದ್ದಾನೆ. ಆ ಒಪ್ಪಂದದ ಗುಣ ಟ್ರೋಪ್‌ನಲ್ಲೂ ಇದೆ. ಆದರೆ ಕವಿಸಮಯ ಇರುವುದು ವರ್ಣನೆಯಲ್ಲಿ, ಟ್ರೋಪ್ ಇರುವುದು ಕಥೆಯ ನಡೆಯಲ್ಲಿ. ಜೊತೆಗೆ ಇವತ್ತಿನ ಓದುಗರು ‘ಸಮಯ’ ಅಂದರೆ ಗಡಿಯಾರ ನೋಡುತ್ತಾರೆ.

ಜಾನಪದದವರು ಮೋಟಿಫ್‌ಗೆ, ಅಂದರೆ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಅಂಶಕ್ಕೆ, ‘ಆಶಯ’ ಅನ್ನುತ್ತಾರೆ. ಆ ವಲಯದೊಳಗೆ ಅದು ಸರಿ. ಹೊರಗೆ “ಈ ಕಾದಂಬರಿಯ ಆಶಯ” ಅಂದರೆ ಲೇಖಕರ ಉದ್ದೇಶ ಏನು ಅಂತಲೇ ಅರ್ಥವಾಗುತ್ತದೆ.

ನನ್ನ ಮನಸ್ಸು ನಿಂತಿರುವುದು ಎರಡು ಪದಗಳ ಮೇಲೆ. ಒಂದು ‘ಮಟ್ಟು’, ಅಂದರೆ ಹಾಡಿನ ಧಾಟಿ. ಯಕ್ಷಗಾನದಲ್ಲಿ ಮಟ್ಟು ಮೊದಲೇ ಇರುತ್ತದೆ, ಪ್ರಸಂಗ ಬರೆಯುವವರು ಹೊಸ ಪದ್ಯವನ್ನು ಅದಕ್ಕೆ ಕೂರಿಸುತ್ತಾರೆ. ಕೇಳುವವರಿಗೆ ಮಟ್ಟು ಗೊತ್ತು, ಮಾತು ಹೊಸದು. ಭಜನೆ ಪುಸ್ತಕಗಳಲ್ಲೂ ಹಾಡಿನ ತಲೆಯ ಮೇಲೆ “ಧಾಟಿ” ಅಂತ ಹಾಕಿ ಗೊತ್ತಿರುವ ಹಾಡಿನ ಹೆಸರು ಕೊಡುತ್ತಾರಲ್ಲ, ಅದೂ ಇದೇ. ಹಳೇ ಮಟ್ಟಿನಲ್ಲಿದೆ ಅಂತ ಯಾರೂ ಪದ್ಯವನ್ನು ಬೈಯುವುದಿಲ್ಲ. ಮಟ್ಟಿಗೆ ಸರಿಯಾಗಿ ಕೂತಿಲ್ಲ ಅಂದರೆ ಬೈಯುತ್ತಾರೆ. ರೊಮ್ಯಾನ್ಸ್ ಓದುವವರು ಪುಸ್ತಕವನ್ನು ಅಳೆಯುವುದೂ ಹೀಗೇ. ತೊಂದರೆ ಒಂದೇ, ವಿಭಕ್ತಿ ಹಚ್ಚಿದರೆ ‘ಮಟ್ಟಿಗೆ’ ಆಗುತ್ತದೆ. ಆಗ “ಒಂದು ಮಟ್ಟಿಗೆ ಪರವಾಗಿಲ್ಲ” ಅನ್ನುವ ಮಾತು ಬಂದು ಅಡ್ಡ ನಿಲ್ಲುತ್ತದೆ.

ಇನ್ನೊಂದು ‘ವರಸೆ’. ಕತ್ತಿವರಸೆ, ದೊಣ್ಣೆವರಸೆ, ಸಂಗೀತ ಕಲಿಯುವವರ ಸರಳೆ ವರಸೆ. ಮೊದಲೇ ಕಲಿತಿಟ್ಟ ನಡೆ, ಬೇಕಾದಾಗ ಹೊರತೆಗೆಯುವುದು. ಮನೆಮಾತಿನಲ್ಲೂ ಜೀವಂತವಾಗಿದೆ: “ಮತ್ತೆ ಅದೇ ವರಸೆ ಶುರು ಮಾಡಿದ.” ಸ್ವಲ್ಪ ಗೇಲಿ ಇದೆ, ಸ್ವಲ್ಪ ಸಲಿಗೆಯೂ ಇದೆ. ನನ್ನ ಓಟು ಸದ್ಯಕ್ಕೆ ವರಸೆಗೆ.

ದೊಡ್ಡ ಪದ ಒಂದು ಕಡೆ ಇರಲಿ, ಬಿಡಿ ಬಿಡಿ ಹೆಸರುಗಳೇ ಜಾಸ್ತಿ ಮಜಾ. ‘ತ್ರಿಕೋನ ಪ್ರೇಮ’ ಆಗಲೇ ಬೇರೂರಿದೆ, ಅದನ್ನು ಬಿಡೋಣ. ಶತ್ರುಗಳು ಪ್ರೇಮಿಗಳಾಗುವುದಕ್ಕೆ ‘ಎಣ್ಣೆ ಸೀಗೆಕಾಯಿ’ ಅನ್ನೋಣ ಅಂತ ನನ್ನ ಸೂಚನೆ. ಇಬ್ಬರಿಗೆ ಆಗಿಬರದಿದ್ದರೆ ನಾವು ಹೇಳುವುದೇ ಹಾಗೆ. ಆದರೆ ಯೋಚನೆ ಮಾಡಿ, ಎಣ್ಣೆಯೂ ಸೀಗೆಕಾಯಿಯೂ ಒಂದೇ ದಿನ, ಒಂದೇ ತಲೆಗೆ ಸೇರುವಂಥವು. 1813ರಲ್ಲಿ ಜೇನ್ ಆಸ್ಟಿನ್ ‘ಪ್ರೈಡ್ ಅಂಡ್ ಪ್ರಿಜುಡೀಸ್’ನಲ್ಲಿ ಬೆಸೆದಿದ್ದೂ ಇಂಥದೇ ಜೋಡಿಯನ್ನು.

ಸ್ಲೋ ಬರ್ನ್‌ಗೆ ಯಾರೋ ‘ನಿಧಾನ ದಹನ’ ಅಂದರಂತೆ. ಸುಡುಗಾಡು ನೆನಪಾಗುತ್ತದೆ, ದಯವಿಟ್ಟು ಬೇಡ. ಅಡುಗೆಮನೆಯಲ್ಲೇ ಪದ ಇದೆ, ‘ಸಣ್ಣುರಿ’. ಸಣ್ಣುರಿಯಲ್ಲಿಟ್ಟ ಹಾಲು ಕೆನೆ ಕಟ್ಟುತ್ತದೆ, ಉಕ್ಕುವುದಿಲ್ಲ. ಇನ್ನೂರು ಪುಟ ಕೈ ಕೂಡ ತಾಗದ ಪ್ರೇಮಕ್ಕೆ ಇದಕ್ಕಿಂತ ಬೇಕೇ? ಸಿಡುಕನಿಗೂ ನಗುಮುಖದವಳಿಗೂ ಆಗುವ ಪ್ರೇಮಕ್ಕೆ ‘ಗಂಟುಮೋರೆ–ನಗೆಮೊಗ’ ಸಾಕು.

ನಿಜವಾಗಿ ಸಿಕ್ಕಿಹಾಕಿಕೊಂಡಿದ್ದು ‘ಮ್ಯಾರೇಜ್ ಆಫ್ ಕನ್ವೀನಿಯನ್ಸ್’ನಲ್ಲಿ. ‘ಅನುಕೂಲದ ಮದುವೆ’ ಅಂದರೆ ಹುಡುಗನ ಕಡೆಯವರು ಅನುಕೂಲಸ್ಥರು ಅಂತ ಅರ್ಥವಾಗುತ್ತದೆ. ‘ಒಪ್ಪಂದದ ಮದುವೆ’ ಪರವಾಗಿಲ್ಲ. ಆದರೆ ಇಲ್ಲಿ ಪದಕ್ಕಿಂತ ಆಳದ ತೊಡಕಿದೆ. ಆ ಕಥೆಯ ರುಚಿ ಇರುವುದೇ ಕ್ರಮ ತಿರುಗಿಸುವುದರಲ್ಲಿ: ಮೊದಲು ಮದುವೆ, ಆಮೇಲೆ ಪ್ರೀತಿ. ಇಂಗ್ಲಿಷ್ ಓದುಗರಿಗೆ ಅದು ತಲೆಕೆಳಗು. ನಮ್ಮ ಅಜ್ಜಿ ಕಾಲದಲ್ಲಿ ಅದಕ್ಕೆ ಬರೀ ‘ಮದುವೆ’ ಅಂತ ಹೆಸರು. ಹಾಗೇ ‘ಒಂದೇ ಹಾಸಿಗೆ’ಯ ವರಸೆ. ಮಳೆ, ವಸತಿಗೃಹ, ಒಂದೇ ಕೋಣೆ, ಒಂದೇ ಮಂಚ. ಮದುವೆಮನೆಯಲ್ಲಿ ಒಂದೇ ಜಮಖಾನದ ಮೇಲೆ ಹದಿನೈದು ಜನ ಸಾಲಾಗಿ ಮಲಗಿ ಬೆಳೆದವರಿಗೆ ಇದರಲ್ಲಿ ಎದೆ ಡವಗುಟ್ಟುವಂಥದ್ದು ಏನಿದೆ ಅಂತ ಕೇಳಿದೆ. “ದೊಡ್ಡಮ್ಮಾ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಅದೇ ಅಲ್ವಾ ಕಷ್ಟ!” ಅಂದಳು.

ಇನ್ನೊಂದು ವಿಷಯ ಈ ಹುಡುಕಾಟದಲ್ಲಿ ಹೊಳೆಯಿತು. ನಾವು ನಾವೆಲ್‌ಗೆ ‘ಕಾದಂಬರಿ’ ಅನ್ನುತ್ತೇವೆ, ಮರಾಠಿಯವರೂ ಅನ್ನುತ್ತಾರೆ. ಅದು ಸಂಸ್ಕೃತ ಕವಿ ಬಾಣನ ಪ್ರೇಮಕಥೆಯ ನಾಯಕಿಯ ಹೆಸರು. ಅದನ್ನು ಚಂಪೂವಿನಲ್ಲಿ ಕನ್ನಡಕ್ಕೆ ತಂದವನೂ ನಾಗವರ್ಮನೇ, ಆದರೆ ಒಂದನೆಯವನು. ಅದರೊಳಗೆ ಮಹಾಶ್ವೇತೆ ಸತ್ತ ಪುಂಡರೀಕನಿಗಾಗಿ ಅಚ್ಛೋದ ಸರೋವರದ ಹತ್ತಿರ ಕಾಯುತ್ತಾಳೆ. ಅವನು ಮತ್ತೆ ಹುಟ್ಟಿ ಎದುರಿಗೆ ಬಂದರೆ ಗುರುತು ಸಿಗದೆ ತಾನೇ ಶಾಪ ಕೊಟ್ಟು ಗಿಳಿ ಮಾಡುತ್ತಾಳೆ. ಕೊನೆಗೆ ಎಲ್ಲ ಸರಿಹೋಗುತ್ತದೆ. ‘ಎರಡನೇ ಅವಕಾಶ’ದ ವರಸೆ ಇದೇ, ಜನ್ಮ ದಾಟಿ ಹೋಗಿದೆ ಅಷ್ಟೆ. ಇದಕ್ಕೆ ‘ಮರುಜನ್ಮ ಪ್ರೇಮ’ ಅನ್ನಬಹುದೇ ಅಂತ ಒಂದು ಕ್ಷಣ ಅನಿಸಿತು. ಆದರೆ ಇಂಗ್ಲಿಷ್ ಕಾದಂಬರಿಯಲ್ಲಿ ಹತ್ತು ವರ್ಷದ ನಂತರ ಊರಿಗೆ ಮರಳಿದ ಹಳೇ ಪ್ರೇಮಿಗೆ ಅದು ಭಾರವಾದೀತು. ‘ಮರಳಿ ಒಲವು’ ಹೇಗೆ?

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ಕರಾವಳಿಯವರಿಗೆ, ಆಟದ ಮಟ್ಟನ್ನು ಕಥೆಗೆ ಹಚ್ಚಿದರೆ ಕಿವಿಗೆ ಕಟುವಾಗುತ್ತದೆಯೇ? ಉತ್ತರ ಕರ್ನಾಟಕದ ಕಡೆ ‘ವರಸೆ’ಯನ್ನು ಜನರ ನಡವಳಿಕೆಗೂ ಬಳಸುತ್ತಾರೆಯೇ, ಅಥವಾ ಬೇರೆ ಮಾತಿದೆಯೇ? ಮತ್ತೆ ‘ಸುಖಾಂತ’ವೋ ‘ಸುಖಾಂತ್ಯ’ವೋ ಅನ್ನುವ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ.

ಹುಡುಗಿ ಸದ್ಯಕ್ಕೆ ‘ಟ್ರೋಪ್’ ಅಂತಲೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ವರಸೆ?’ ಅಂತ ಗೀಚಿಟ್ಟಿದ್ದಾಳೆ.