ಅಪ್‌ಡೇಟ್: ಲೇಹ್ ಪ್ರಯಾಣಕ್ಕೆ ಕಂಪ್ರೆಸರ್ ಫ್ರಿಜ್ಜನ್ನೇ ತಗೊಂಡೆ

ಬೆಂಗಳೂರಿನಿಂದ ಲೇಹ್‌ಗೆ ಕಾರಲ್ಲಿ ಹೋಗುವಾಗ ಅಮ್ಮನ ಇನ್ಸುಲಿನ್ ಇಡಲು ಯಾವ ಫ್ರಿಜ್ ಒಳ್ಳೆಯದು ಎಂದು ಕೇಳಿದ್ದೆ. ನೀವೆಲ್ಲ ಹೇಳಿದಂತೆ ಕಂಪ್ರೆಸರ್ ಇರುವುದನ್ನೇ ತಗೊಂಡೆ. ಅಗ್ಗದ ಥರ್ಮೋಎಲೆಕ್ಟ್ರಿಕ್ ಡಬ್ಬ (ಕಂಪ್ರೆಸರ್ ಇಲ್ಲದ ಕೂಲರ್) ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿಯಷ್ಟೇ ಇಳಿಸುತ್ತದೆ. ರಾಜಸ್ಥಾನದ ಬಿಸಿಲಿಗೆ ಅದು ಎಲ್ಲಿ ಸಾಕು? ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕಲ್ವಾ?

5 ಡಿಗ್ರಿಗೆ ಸೆಟ್ ಮಾಡಿದೆ. ಇನ್ಸುಲಿನ್ ಪೆನ್‌ಗಳನ್ನು ಟವೆಲ್‌ನಲ್ಲಿ ಸುತ್ತಿ, ಒಳಗೋಡೆಗೆ ತಾಗದಂತೆ ನಡುವೆ ಇಟ್ಟೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಔಷಧಿ ಮತ್ತೆ ಬಳಸುವಂತಿಲ್ಲ. ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟಿದ್ದರಿಂದ ತುಂಬಾ ನೆಮ್ಮದಿ.

ರಾತ್ರಿ ಬ್ಯಾಟರಿ ಕಟ್‌ಆಫ್ (ಕಾರಿನ ಬ್ಯಾಟರಿ ಇಳಿದರೆ ಫ್ರಿಜ್ ತಾನೇ ಆಫ್ ಆಗುವ ಸೆಟ್ಟಿಂಗ್) ‘ಹೈ’ನಲ್ಲೇ ಇರಲಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕು. ಫ್ರಿಜ್ಜಿನ ಜಾಲರಿಗೆ ಬ್ಯಾಗ್ ಒತ್ತಿ ಇಡಬೇಡಿ, ಬಿಸಿಗಾಳಿಗೆ ದಾರಿ ಬೇಕು. ಮೊಸರಿಗೂ ಜಾಗ ಸಿಕ್ಕಿದ್ದಕ್ಕೆ ಅಮ್ಮನಿಗೆ ಭಾರಿ ಖುಷಿ!