ಮೂರು ತಿಂಗಳ ಕೂಸಿನ ಕಿವಿ ಕಂದಿದೆ: ಓದುಗರ ಸ್ಪಂದನ

ಕಳೆದ ವಾರದ ಪ್ರಶ್ನೆ: ತಂಗಿಯ ಮಗುವಿಗೆ ಮೂರು ತಿಂಗಳು. ಕಿವಿಯ ಅಂಚು ನೀಲಿಗಟ್ಟಿದೆ. ಮೊನ್ನೆ ಬಾಯಲ್ಲಿ ರಕ್ತ ಬಂದಿತ್ತಂತೆ. ‘ಮಲಗಿದ್ದಾಗ ಒತ್ತಿರಬೇಕು’ ಅನ್ನುತ್ತಾರೆ ತಂಗಿಯ ಗಂಡ. ಜಾಸ್ತಿ ಕೇಳಿದರೆ ಸಂಬಂಧ ಕೆಡುತ್ತದೆ. ಏನು ಮಾಡಲಿ?
– ಓದುಗಿ, ಮಂಡ್ಯ

ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ತಾಯಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮೂರು ತಿಂಗಳ ಕೂಸು ಮಲಗಿಸಿದ ಕಡೆಯೇ ಮಲಗಿರುತ್ತದೆ. ತಾನಾಗಿ ಹೇಗೆ ಏಟು ಮಾಡಿಕೊಳ್ಳುತ್ತದೆ? ನಡೆಯುವ ಮಗು ಬಿದ್ದರೆ ಮೊಣಕಾಲು, ಹಣೆ ಕಂದುತ್ತದೆ. ಕಿವಿ, ಕತ್ತು, ಹೊಟ್ಟೆ, ಬೆನ್ನು ಕಂದುವುದು ಅಪರೂಪ. ನಾಲ್ಕು ತಿಂಗಳು ತುಂಬದ ಮಗುವಿಗಂತೂ ಎಲ್ಲೇ ಕಂದಿರಲಿ, ಕಾಳಿನಷ್ಟೇ ಇರಲಿ, ತೋರಿಸಲೇಬೇಕು.

ನನಗೆ ಜಾಸ್ತಿ ಭಯವಾಗಿದ್ದು ಬಾಯಿಯ ರಕ್ತ ಅಂದಾಗ. ಮೇಲ್ತುಟಿಯನ್ನು ಮೆಲ್ಲಗೆ ಎತ್ತಿದರೆ ತುಟಿಗೂ ವಸಡಿಗೂ ನಡುವೆ ತೆಳ್ಳಗೆ ಒಂದು ಪೊರೆ ಕಾಣುತ್ತದೆ. ಅಳುವ ಕೂಸಿನ ಬಾಯಿಗೆ ಬಾಟಲಿಯನ್ನೋ ಒಳಲೆಯನ್ನೋ ಸಿಟ್ಟಿನಲ್ಲಿ ತುರುಕಿದರೆ ಅದು ಹರಿಯುತ್ತದೆ. ಬೇಗ ಮಾಯುತ್ತದೆ, ಮನೆಯವರು ಮರೆತೂ ಬಿಡುತ್ತಾರೆ. ಕಣ್ಣಿನ ಬಿಳಿಭಾಗವನ್ನೂ ನೋಡಿ. ಹೆರಿಗೆಯಲ್ಲಿ ಆದ ರಕ್ತದ ಕಲೆ ಎರಡು ಮೂರು ವಾರದಲ್ಲಿ ಹೋಗಿರುತ್ತದೆ. ಈಗ ಹೊಸದಾಗಿ ಕಂಡರೆ ಕಾರಣ ಹುಡುಕಬೇಕು. ಜ್ವರ, ಭೇದಿ ಇಲ್ಲದೆ ಪದೇ ಪದೇ ವಾಂತಿ, ಮಂಕು, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ಮಗುವನ್ನು ಹಿಡಿದು ಜೋರಾಗಿ ಅಲುಗಾಡಿಸಿದರೆ ಮೈಮೇಲೆ ಒಂದು ಗುರುತೂ ಇಲ್ಲದೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ನಿಮ್ಮೂರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ, ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ ಇದೆ.
– ನಿವೃತ್ತ ನರ್ಸ್, ಮೈಸೂರು

ಈಗಲೇ ಯಾರ ಮೇಲೂ ತಪ್ಪು ಹೊರಿಸಬೇಡಿ. ನನ್ನ ಮಗಳ ಸೊಂಟದ ಮೇಲೆ ಹುಟ್ಟಿದಾಗಿನಿಂದ ನೀಲಿ ಮಚ್ಚೆ ಇತ್ತು. ನೋಡಿದವರೆಲ್ಲ ಏಟು ಅಂದುಕೊಂಡರು. ನಮ್ಮ ಕಡೆಯ ಮಕ್ಕಳಲ್ಲಿ ಅದು ಸಾಮಾನ್ಯ. ಮಚ್ಚೆ ವಾರಗಟ್ಟಲೆ ಹಾಗೇ ಇರುತ್ತದೆ, ಏಟಿನ ಗುರುತು ಬಣ್ಣ ಬದಲಾಗಿ ಮಾಯುತ್ತದೆ. ತಾರೀಖು ಬರೆದು ಫೋಟೊ ಇಟ್ಟುಕೊಳ್ಳಿ. ವಿಟಮಿನ್ ಕೆ ಕೊರತೆಯಿಂದಲೋ, ರಕ್ತ ಹೆಪ್ಪುಗಟ್ಟದ ಕಾಯಿಲೆಯಿಂದಲೋ ಕೂಡ ಮೈ ಕಂದಬಹುದು. ಅದು ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲಿ. ಅದಕ್ಕೂ ಆಸ್ಪತ್ರೆಗೇ ಹೋಗಬೇಕು ಅಲ್ವಾ?
– ಒಬ್ಬ ತಾಯಿ, ಮದ್ದೂರು

ಸಂಬಂಧ ಕೆಡುತ್ತದೆ ಅಂತ ಸುಮ್ನೆ ಕೂರಬೇಡಿ. ತಂಗಿ ಒಬ್ಬಳೇ ಇದ್ದಾಗ ಮಾತಾಡಿಸಿ. ಆ ಮನೆಯಲ್ಲಿ ಅವಳಿಗೂ ಏಟು ಬೀಳುತ್ತಿರಬಹುದು. ಅನುಮಾನ ಗಟ್ಟಿಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ. ಅಲ್ಲಿಯವರೆಗೆ ತಾಯಿ ಮಗು ಇಬ್ಬರನ್ನೂ ತವರಿಗೆ ಕರೆತನ್ನಿ.
– ಓದುಗರು, ಶ್ರೀರಂಗಪಟ್ಟಣ